ಅಂಗನವಾಡಿಗೆ ಸೇರ್ಸೋಕೂ ಬಿಪಿಎಲ್ ಕಾರ್ಡ್ ಬೇಕಾ? ಗೊತ್ತಿರೋರು ದಯವಿಟ್ಟು ಹೇಳಿ

ಚಿನ್ನು ಅಮ್ಮ
ಎಲ್ರಿಗೂ ನಮಸ್ಕಾರ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತೀನಿ, ಟೈಲರ್ ಕೆಲ್ಸ. ಮನೆಯವ್ರು ಗೂಡ್ಸ್ ಆಟೋ ಓಡಿಸ್ತಾರೆ, ಗಾಡಿ ಸ್ವಂತದ್ದಲ್ಲ, ಬಾಡಿಗೆದು. ಮಗಳಿಗೆ ಈಗ 3 ವರ್ಷ 4 ತಿಂಗಳು. ಇಷ್ಟು ದಿನ ಅತ್ತೆ ನೋಡ್ಕೋತಿದ್ರು, ಮಂಡಿನೋವು ಜಾಸ್ತಿಯಾಗಿ ಅವ್ರು ಹಿರಿಯೂರು ಕಡೆ ನಮ್ಮೂರಿಗೆ ವಾಪಸ್ ಹೋದ್ರು. ಪಕ್ಕದ ಬೀದೀಲೇ ಅಂಗನವಾಡಿ ಇದ್ಯಲ್ಲ ಅಂತ ಹೋದ ಸೋಮವಾರ ಅರ್ಧ ದಿನ ರಜ ಹಾಕಿ ಕರ್ಕೊಂಡು ಹೋದೆ. ಬಾಗಿಲಲ್ಲೇ ನಿಲ್ಸಿ ಬಿಪಿಎಲ್ ಕಾರ್ಡ್ ಇದ್ಯಾ, ಈ ಏರಿಯಾದ್ದೇ ಆಗಿರ್ಬೇಕು, ಮಗು ಆಧಾರ್ ಇದ್ಯಾ ಅಂತ ಕೇಳಿದ್ರು.

ನಮ್ಮ ಕಾರ್ಡ್ ಊರಲ್ಲಿದೆ, ಅತ್ತೆ ಹೆಸರಲ್ಲಿ, ಮದುವೆಯಾದ್ಮೇಲೆ ನನ್ನ ಹೆಸ್ರು ಸೇರ್ಸೇ ಇಲ್ಲ. ಇಲ್ಲಿ ಹೊಸದು ಮಾಡ್ಸೋಣ ಅಂದ್ರೆ ಬಿಪಿಎಲ್‌ಗೆ ವರ್ಷಕ್ಕೆ 1.20 ಲಕ್ಷ ಮಿತಿ ಅಂತಾರೆ, ನನ್ನ ಸಂಬಳ ಒಂದೇ ಅದನ್ನ ದಾಟುತ್ತೆ. ಕಾರ್ಡ್ ಲೆಕ್ಕದಲ್ಲಿ ನಾವು ಬಡವ್ರಲ್ಲ, ಬಾಡಿಗೆ, ಗಾಡಿ ಬಾಡಿಗೆ, ಅತ್ತೆ ಮಾತ್ರೆ ಎಲ್ಲ ಕೊಟ್ಮೇಲೆ ತಿಂಗಳ 20ನೇ ತಾರೀಕಿಗೆ ಕೈಯಲ್ಲಿ ಏನೂ ಇರಲ್ಲ. ಹತ್ತಿರದ ಪ್ರೈವೇಟ್ ನರ್ಸರಿಲಿ ವರ್ಷಕ್ಕೆ 32 ಸಾವಿರ ಅಂದ್ರು, ಯೂನಿಫಾರ್ಮ್ ಬೇರೆ.

ನಿಜವಾಗ್ಲೂ ಅಂಗನವಾಡಿಗೆ ಕಾರ್ಡ್ ಬೇಕಾ? ಮತ್ತೆ ಆರ್‌ಟಿಇ ಅಂತಾರಲ್ಲ, ಅದ್ರಲ್ಲಿ ಎಲ್‌ಕೆಜಿ ಸಿಗುತ್ತಾ?

ಮದ್ದೂರಿನವ
ಬೇಡ ತಾಯಿ. ಅಂಗನವಾಡಿಗೆ ಯಾವ ಕಾರ್ಡೂ ಬೇಡ.

ಇಬ್ರು ಮಕ್ಳ ಅಪ್ಪ
ಅಷ್ಟು ಖಡಾಖಂಡಿತವಾಗಿ ಹೇಗೆ ಹೇಳ್ತೀರ ಸರ್, ಸರ್ಕಾರದ್ದು ಏನೇ ಆಗ್ಲಿ ಮೊದ್ಲು ಕೇಳೋದೇ ಬಿಪಿಎಲ್. ಅಕ್ಕ, ನೀವು ಅಂಗನವಾಡಿ ಬಿಟ್ಟು ಆರ್‌ಟಿಇಗೆ ಅರ್ಜಿ ಹಾಕಿ. ಪ್ರೈವೇಟ್ ಸ್ಕೂಲಲ್ಲಿ 25 ಪರ್ಸೆಂಟ್ ಸೀಟು ನಮ್ಮಂಥೋರಿಗೆ ಅಂತಾನೇ ಇಟ್ಟಿರ್ತಾರೆ. ನಮ್ಮ ದೊಡ್ಡೋನು 2016ರಲ್ಲಿ ಎಲ್‌ಕೆಜಿಗೇ ಆರ್‌ಟಿಇಲಿ ಸೇರ್ದ, ಮನೆಯಿಂದ ಎರಡು ರಸ್ತೆ ಆಚೆಗೆ, ಇವತ್ತಿನವರೆಗೂ ಫೀಸ್ ಅಂತ ಕಟ್ಟಿಲ್ಲ.

ಕಾನೂನು ಓದುಗ
ಇಬ್ರು ಮಕ್ಳ ಅಪ್ಪ ಅವ್ರೆ, ನಿಮ್ಮ ಮಗ ಸೇರಿದಾಗ ಇದ್ದ ರೂಲ್ಸ್ ಈಗಿಲ್ಲ. ತುಂಬಾ ಜನ ಇದ್ರಲ್ಲಿ ಮೋಸ ಹೋಗ್ತಾರೆ, ಸೈಬರ್ ಸೆಂಟರ್‌ನೋರು ದುಡ್ಡು ತಗೊಂಡು ಅರ್ಜಿ ಹಾಕ್ಸಿ ಬಿಡ್ತಾರೆ, ಆಮೇಲೆ ಮೆಸೇಜ್ ಕಾಯ್ತಾ ಕೂತ್ಕೋಬೇಕು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂತು. ಅದ್ರ 12(1)(ಸಿ) ಪ್ರಕಾರ ಖಾಸಗಿ ಶಾಲೆಗಳು 25 ಪರ್ಸೆಂಟ್ ಸೀಟು ಕೊಡ್ಬೇಕು, ಶಾಲೇಲಿ ಎಲ್‌ಕೆಜಿ ಇದ್ರೆ ಅಲ್ಲಿಂದಾನೇ ಕೊಡ್ಬೇಕು. ಅದಕ್ಕೇ ನಿಮ್ಮ ಮಗನಿಗೆ ಎಲ್‌ಕೆಜಿಗೇ ಸಿಕ್ತು. ಆದ್ರೆ 2019ರಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದುಪಡಿ ಮಾಡ್ತು. ನೆರೆಹೊರೇಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಆ ಏರಿಯಾದ ಅನುದಾನರಹಿತ ಖಾಸಗಿ ಶಾಲೇಲಿ ಆರ್‌ಟಿಇ ಸೀಟ್ ಇಲ್ಲ. ಪೋಷಕರು ಹೈಕೋರ್ಟಿಗೆ ಹೋದ್ರು, ಅದೇ ವರ್ಷ ಮೇ ತಿಂಗಳಲ್ಲಿ ಕೋರ್ಟು ತಿದ್ದುಪಡಿನ ಎತ್ತಿ ಹಿಡೀತು. ಬೆಂಗಳೂರಲ್ಲಿ ಸರ್ಕಾರಿ ಶಾಲೆ ಇಲ್ದಿರೋ ವಾರ್ಡ್ ಹುಡ್ಕೋದೇ ಕಷ್ಟ, ಹಾಗಾಗಿ ಪೀಣ್ಯ ಕಡೆ ಈ ದಾರಿ ನೆಚ್ಕೊಂಡು ಕೂರೋ ಹಾಗಿಲ್ಲ.

ಅಂಗನವಾಡಿ ವಿಷಯಕ್ಕೆ ಮದ್ದೂರಿನವರು ಹೇಳಿದ್ದೇ ಸರಿ. 2004ರಲ್ಲಿ ಆಹಾರದ ಹಕ್ಕಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಈ ಯೋಜನೆಗೆ ಬಿಪಿಎಲ್ ಅನ್ನೋದನ್ನ ಅರ್ಹತೆಯಾಗಿ ಇಟ್ಕೋಬಾರ್ದು ಅಂತ. 2013ರ ಆಹಾರ ಭದ್ರತಾ ಕಾಯ್ದೆ ಐದನೇ ಸೆಕ್ಷನ್ ನೋಡಿ, 6 ತಿಂಗಳಿಂದ 6 ವರ್ಷದ ಮಗುವಿಗೆ ಅಂಗನವಾಡಿ ಮೂಲಕ ಉಚಿತ ಊಟ, ಅಷ್ಟೇ ಬರ್ದಿರೋದು. ಬಡವರ ಮಗು ಅಂತ ಬರ್ದಿಲ್ಲ.

ಇಬ್ರು ಮಕ್ಳ ಅಪ್ಪ
ಓ ಹೌದಾ. ತಿದ್ದುಪಡಿ ಆಗಿದ್ದು ಕೇಳಿದ್ದೆ, ಎಲ್‌ಕೆಜಿಗೂ ಅನ್ವಯ ಅಂತ ಗೊತ್ತಿರ್ಲಿಲ್ಲ. ಅಕ್ಕ ಕ್ಷಮಿಸಿ, ನನ್ನ ಮಾತು ಕೇಳಿ ಅರ್ಜಿಗೆ ದುಡ್ಡು ಕೊಡಬೇಡಿ.

ನಿವೃತ್ತ ಟೀಚರಮ್ಮ
ಚಿನ್ನು ಅಮ್ಮ, ನಾನು ತಿಪಟೂರು ಕಡೆ 31 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸ ಮಾಡಿ ನಿವೃತ್ತಿ ಆದೋಳು, ನಾನು ಸೇರಿದಾಗ ನಮ್ಮನ್ನ ಬಾಲವಾಡಿ ಟೀಚರ್ ಅಂತಲೇ ಕರೀತಿದ್ರು. ನೀನು ನನ್ನ ಮಗಳ ವಯಸ್ಸಿನೋಳು ಇರ್ಬೇಕು, ಅದಕ್ಕೆ ಏಕವಚನ, ಬೇಜಾರು ಮಾಡ್ಕೋಬೇಡಮ್ಮ.

ಮೊದ್ಲು ಕೇಳು, ಅರ್ಹತೆ ಅಂದ್ರೆ ವಯಸ್ಸು ಮಾತ್ರ. ನಮ್ಮ ವ್ಯಾಪ್ತಿಯ ಮನೆಗಳನ್ನ ನಾವೇ ಸರ್ವೆ ಮಾಡ್ತೀವಿ, ಯಾವ ಮನೇಲಿ ಬಸುರಿ, ಬಾಣಂತಿ, 6 ತಿಂಗಳಿಂದ 3 ವರ್ಷದ ಮಕ್ಕಳು, 3ರಿಂದ 6ರ ಮಕ್ಕಳು ಅಂತ. ಆ ಪುಸ್ತಕದಲ್ಲಿ ಸಾಹುಕಾರರ ಮನೆ ಮಗುನೂ ಇರುತ್ತೆ, ಕೂಲಿಯೋರ ಮನೆ ಮಗುನೂ ಇರುತ್ತೆ. ಬಾಡಿಗೆ ಮನೆಯೋರು, ಹೊರಗಿಂದ ಬಂದೋರು ಅಂತ ಬಿಡೋ ಹಾಗೇ ಇಲ್ಲ. ಬಂದು ಮೂರು ತಿಂಗಳಾಗಿರ್ಲಿ ಮೂರು ದಿನ ಆಗಿರ್ಲಿ.

ಹಾಗಾದ್ರೆ ಯಾಕೆ ಕೇಳಿದ್ರು? ಇದು ನನ್ನ ಅನುಭವದ ಮೇಲೆ ಹೇಳ್ತೀನಿ. ಈಗ ಎಲ್ಲಾ ಪೋಷಣ್ ಟ್ರ್ಯಾಕರ್ ಆ್ಯಪಲ್ಲಿ, 2021ರಿಂದ ಬಂದಿದ್ದು. ಅದ್ರಲ್ಲಿ ತಾಯಿ ಆಧಾರ್ ಹಾಕಿ ಮಗು ಹೆಸ್ರು ಏರಿಸ್ತಾರೆ. ನಿನ್ನ ಹೆರಿಗೆ ಎಲ್ಲಾಯ್ತು? ಬಾಣಂತನಕ್ಕೆ ಊರಲ್ಲಿದ್ರೆ ಅಲ್ಲಿನ ಅಂಗನವಾಡೀಲಿ ನಿನ್ನ ಹೆಸ್ರು, ಮಗು ಹೆಸ್ರು ಇನ್ನೂ ಕೂತಿರುತ್ತೆ. ಒಂದು ಕಡೆ ಇದ್ದ ಹೆಸ್ರು ಇನ್ನೊಂದು ಕಡೆ ಏರಲ್ಲ, ವರ್ಗಾವಣೆ ಮಾಡ್ಬೇಕು. ಆ ಟೀಚರ್‌ಗೆ ಇದನ್ನ ಬಾಗಿಲಲ್ಲಿ ನಿಂತು ವಿವರಿಸೋ ವ್ಯವಧಾನ ಇಲ್ದೆ ಏರಿಯಾ ಕಾರ್ಡ್ ಕೇಳಿರ್ಬೋದು. ಅದು ತಪ್ಪೇ, ತಪ್ಪಲ್ಲ ಅಂತ ನಾನು ಹೇಳಲ್ಲ. ಮಗುವಿನ ಆಧಾರ್ ಇಲ್ಲ ಅಂತ ವಾಪಸ್ ಕಳ್ಸೋ ಹಾಗಿಲ್ಲ, ತಾಯಿದು ಇದ್ರೆ ಸಾಕು.

ನಿನ್ನ ಆಧಾರ್, ಫೋನ್ ನಂಬರ್, ತಾಯಿ ಕಾರ್ಡ್, ಮಗು ಜನನ ಪತ್ರ ಇದ್ರೆ ಅದು, ಇಷ್ಟು ಹಿಡ್ಕೊಂಡು ಹೋಗು. ಬೆಳಗ್ಗೆ ಹತ್ತು ಗಂಟೆಗೆ ಹೋಗ್ಬೇಡ, ಆಗ ಮಕ್ಕಳನ್ನ ಕೂರ್ಸೋ ಹೊತ್ತು. ಮಧ್ಯಾಹ್ನ ಊಟ ಆಗಿ ಮಕ್ಕಳು ಮಲಗಿದ್ಮೇಲೆ ಹೋಗಿ ಸಮಾಧಾನವಾಗಿ ಮಾತಾಡು. ಆಗ್ಲೂ ಆಗಲ್ಲ ಅಂದ್ರೆ ಸೂಪರ್‌ವೈಸರ್ ನಂಬರ್ ಕೇಳು, ಗೋಡೆ ಮೇಲೆ ಬರ್ದಿರ್ತಾರೆ. ಅದಕ್ಕೂ ಮೇಲೆ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ.

ಧಾರವಾಡದಾಂವ
ಟೀಚರಮ್ಮಾರ ಹೇಳಿದ್ದು ಖರೆ ಅದ ಬಿಡ್ರಿ, ಆದ್ರ ನಾ ಬ್ಯಾರೆ ಮಾತು ಕೇಳ್ತೀನಿ. ಕಾರ್ಡ್ ಬ್ಯಾಡ ಅಂತನ ಇಟ್ಕೊಳ್ರಿ, ಅಲ್ಲಿ ಹಾಕಿ ಏನ್ ಕಲಿತಾವ ಮಕ್ಕಳು? ನಮ್ಮ ಓಣ್ಯಾಗ ಅಂಗನವಾಡಿ ಅಂದ್ರ ಒಂದ ಖೋಲಿ. ಅದರಾಗ ಒಂದು ಮೂಲ್ಯಾಗ ಸಿಲಿಂಡರು, ಒಂದು ಮೂಲ್ಯಾಗ ಅಕ್ಕಿ ಚೀಲ, ನಡುವ ಇಪ್ಪತ್ತೈದು ಕೂಸು. ಉಪ್ಪಿಟ್ಟು ತಿಂತಾವ, ಮಲಗ್ತಾವ, ಮನಿಗೆ ಬರ್ತಾವ. ಅತ್ಲಾಗ ಪ್ರೈವೇಟಿಗೆ ಹೋಗೋ ಹುಡುಗ್ರು ನಾಕು ವರ್ಷಕ್ಕ ಎಬಿಸಿಡಿ ಬರದು ತೋರಸ್ತಾವ. ಸಾಲಾ ಮಾಡಿ ಆದ್ರೂ ಪ್ರೈವೇಟಿಗೆ ಹಾಕ್ರಿ ಅಂತ ನಾ ಹೇಳಾಂವ.

ಇನ್ನೊಂದು, ಸಿಟ್ಟಾಗಬ್ಯಾಡ್ರಿ. ಇಬ್ಬರೂ ದುಡ್ಯಾವ್ರು ಅಂಗನವಾಡಿ ಜಾಗಾ ತುಂಬಿದ್ರ ಏನೂ ಇಲ್ಲದವ್ರ ಮಕ್ಕಳು ಎಲ್ಲಿ ಹೋಗ್ಬೇಕು? ಒಂದು ಮಿತಿ ಇರಬೇಕಲ್ಲ.

ಕರಾವಳಿ ಹುಡುಗಿ
ಹಾಗೆ ಹೇಳ್ಬೇಡಿ ಮಾರಾಯ್ರೆ. ನಾನು ಪುತ್ತೂರಿನ ಹತ್ರ, ಸೊಸೈಟಿ ಬ್ಯಾಂಕಲ್ಲಿ ಕೆಲ್ಸ, ನನ್ನ ಮಗ ಎರಡು ವರ್ಷ ಅಂಗನವಾಡಿಗೇ ಹೋದದ್ದು. ಫೀಸ್ ಕಟ್ಟುವ ತಾಕತ್ತು ಇತ್ತು ನಮ್ಗೆ, ಆದ್ರೂ ಅಲ್ಲಿಗೇ ಹಾಕಿದ್ದು.

ಏನು ಕಲ್ತ ಅಂತ ಕೇಳಿದ್ರಲ್ಲ. ಒಂದು ದಿನ ಬೇಗ ಕರ್ಕೊಂಡು ಬರ್ಲಿಕ್ಕೆ ಹೋದಾಗ ಬಾಗಿಲ ಹತ್ರ ನಿಂತು ನೋಡಿದೆ. ಟೀಚರ್ ಒಂದು ಮೊರದಲ್ಲಿ ಹುಣಸೆ ಬೀಜ, ಮಂಜೊಟ್ಟಿ ಕಾಳು, ಹೆಸರು ಕಾಳು ಎಲ್ಲ ಕಲಸಿ ಇಟ್ಟಿದ್ರು. ನಾಲ್ಕು ಮಕ್ಕಳು ಸುತ್ತ ಕೂತು ಬೇರೆ ಬೇರೆ ತೆಂಗಿನ ಗೆರಟೆಗೆ ಹಾಕುದು. ನನ್ನ ಮಗ ಎರಡು ಬೆರಳಲ್ಲಿ ಒಂದೊಂದೇ ಹೆಸರು ಕಾಳು ಹೆಕ್ತಾ ಇದ್ದ, ನಾಲಿಗೆ ಹೊರಗೆ ಹಾಕಿಕೊಂಡು, ನಾನು ಬಂದದ್ದು ಗೊತ್ತೇ ಆಗ್ಲಿಲ್ಲ ಅವನಿಗೆ. ಪಕ್ಕದ ಹುಡುಗಿ ಜೋರಾಗಿ ಎಣಿಸ್ತಾ ಇದ್ಲು, ಏಳಾದ ಮೇಲೆ ಒಂಬತ್ತು ಅಂದ್ಲು, ಇವ ತಲೆ ಎತ್ತದೆ ಎಂಟು ಅಂತ ಹೇಳಿದ. ಪೆನ್ಸಿಲ್ ಹಿಡಿಯುವ ಬೆರಳಿಗೆ ಬಲ ಬರುದು ಅದ್ರಲ್ಲೇ, ನಾಲ್ಕು ವರ್ಷಕ್ಕೆ ಎಬಿಸಿಡಿ ಬರೆಸಿ ಕೈ ನೋಯಿಸುದ್ರಲ್ಲಿ ಅಲ್ಲ. ಈಗ ಮೂರನೇ ಕ್ಲಾಸು, ಎಂತ ತೊಂದ್ರೆಯೂ ಇಲ್ಲ.

ಮತ್ತೆ ಕೇಂದ್ರ ಎಲ್ಲ ಊರಲ್ಲಿ ಹೀಗೆ ಉಂಟು ಅಂತ ನಾನು ಹೇಳುದಿಲ್ಲ. ನಮ್ಮ ಟೀಚರ್ ಒಳ್ಳೆಯವ್ರು, ಬಾಲವಿಕಾಸ ಸಮಿತಿಯಲ್ಲಿ ನಾವು ತಾಯಂದಿರು ನಾಲ್ಕೈದು ಜನ ಇದ್ದೆವು, ನೀರಿನ ಟ್ಯಾಂಕ್ ಕ್ಲೀನ್ ಆಗದಿದ್ರೆ ಪಂಚಾಯತಿಗೆ ಹೋಗಿ ಕೇಳ್ತಿದ್ದೆವು. ಓದಿದವ್ರು, ಕೆಲ್ಸದಲ್ಲಿರುವವ್ರು ಮಕ್ಕಳನ್ನ ತೆಗೆದ್ರೆ ಕೇಳುವವ್ರೇ ಇರುದಿಲ್ಲ.

ಮದ್ದೂರಿನವ
ಮೊಟ್ಟೆ ಕೊಡ್ತಾರಾ ಇನ್ನೂ ಅಂಗನವಾಡೀಲಿ?

ಕರಾವಳಿ ಹುಡುಗಿ
ನಮ್ಮಲ್ಲಿ ವಾರಕ್ಕೆ ಎರಡು ದಿನ ಇತ್ತು. ಹಾಲು ಕ್ಷೀರಭಾಗ್ಯದ್ದು. ಮೊಟ್ಟೆ ಪೂರೈಕೆ ತಡ ಆದಾಗ ಟೀಚರ್ ಕೈಯಿಂದ ಹಾಕಿ ತಂದದ್ದೂ ನೋಡಿದ್ದೇನೆ, ಬಿಲ್ ಬರ್ಲಿಕ್ಕೆ ತಿಂಗಳುಗಟ್ಟಲೆ.

ಇಬ್ರು ಮಕ್ಳ ಅಪ್ಪ
ಮೊಟ್ಟೆ ರೇಟ್ ಈಗ ಅಂಗಡೀಲಿ ಎಷ್ಟಾಗಿದೆ ನೋಡಿ, ಬೆಳಗ್ಗೆ ತಾನೇ ತಂದೆ. ಸರ್ಕಾರ ಕೊಡೋ ದುಡ್ಡಲ್ಲಿ ಹೇಗೆ ತರ್ತಾರೆ ಅವ್ರು?

ನಿವೃತ್ತ ಟೀಚರಮ್ಮ
ಅದನ್ನ ಕೇಳಿದ್ರಲ್ಲ, ಸಂತೋಷ. 2017ರಲ್ಲಿ ಕೇಂದ್ರ ನಿಗದಿ ಮಾಡಿದ ಲೆಕ್ಕ, ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆ ಇರೋ ಮಗುವಿಗೆ 12. ಮೊಟ್ಟೆ ಹಾಲು ರಾಜ್ಯದ ಕಡೆಯಿಂದ ಸೇರುತ್ತೆ. ನಮ್ಮ ಗೌರವಧನದಲ್ಲಿ ಕೇಂದ್ರದ ಪಾಲು 2018ರಿಂದ 4,500 ರೂಪಾಯಿ, ಸಹಾಯಕಿಗೆ 2,250, ಮಿಕ್ಕಿದ್ದು ರಾಜ್ಯ ಹಾಕುತ್ತೆ. ಸಂಬಳ ಅಂತ ಕರಿಯಲ್ಲ ಅದನ್ನ, ಗೌರವಧನ. ಗ್ರಾಚ್ಯುಟಿಗೂ ನಾವು ಅರ್ಹರು ಅಂತ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 2022 ಆಗಿತ್ತು.

ಧಾರವಾಡದ ತಮ್ಮಾ, ನೀನು ಹೇಳಿದ ಆ ಒಂದು ಖೋಲಿ ನಿಜ. ನಾನೂ ಹನ್ನೊಂದು ವರ್ಷ ದೇವಸ್ಥಾನದ ಪಡಸಾಲೇಲಿ ನಡೆಸಿದೀನಿ, ಜಾತ್ರೆ ಬಂದ್ರೆ ಮಕ್ಕಳನ್ನ ಬೇವಿನ ಮರದ ಕೆಳಗೆ ಕೂರಿಸ್ಬೇಕಿತ್ತು. ಖೋಲಿ ಚಿಕ್ಕದು ಅಂತ ಮಗುನ ತೆಗೆದ್ರೆ ಖೋಲಿ ದೊಡ್ಡದಾಗಲ್ಲಪ್ಪ, ಹಾಜರಿ ಕಮ್ಮಿ ಅಂತ ಇರೋದನ್ನೂ ಪಕ್ಕದ ಕೇಂದ್ರಕ್ಕೆ ಸೇರಿಸ್ಬಿಡ್ತಾರೆ.

ಧಾರವಾಡದಾಂವ
ಟೀಚರಮ್ಮಾ, ನಿಮ್ಮ ಬಗ್ಗೆ ಅಂದಿದ್ದಲ್ಲ ಅದು, ತಪ್ಪು ತಿಳ್ಕೋಬ್ಯಾಡ್ರಿ. ಆದ್ರ ನನ್ನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಜಾಗಾ ಕಡಿಮಿ ಅದ, ರೊಕ್ಕ ಕಡಿಮಿ ಅದ, ಅಂದ್ಮ್ಯಾಲ ಬಡವ್ರಿಗೆ ಮೊದಲ ಅಂತ ಮಿತಿ ಹಾಕೂದ್ರಾಗ ತಪ್ಪೇನದ?

ಕಾನೂನು ಓದುಗ
ತಪ್ಪು ಏನಂದ್ರೆ ಈ ಚರ್ಚೆಯ ಮೊದಲ ಪೋಸ್ಟೇ ಸರ್. ಮಿತಿ ಅಂತ ಇಟ್ಟ ತಕ್ಷಣ ಅದನ್ನ ಸಾಬೀತು ಮಾಡೋಕೆ ಕಾಗದ ಬೇಕು. ಕಾಗದ ಯಾರ ಹತ್ರ ಇರುತ್ತೆ? ಊರಲ್ಲಿ ಮನೆ ಇದ್ದು, ನಾಡಕಚೇರಿ ಗೊತ್ತಿದ್ದು, ನಾಲ್ಕು ದಿನ ಕೂಲಿ ಬಿಟ್ಟು ಓಡಾಡೋಕೆ ಆಗೋರ ಹತ್ರ. ನಿಜವಾಗ್ಲೂ ಕಷ್ಟದಲ್ಲಿರೋ ವಲಸೆ ಕುಟುಂಬ ಮೊದ್ಲು ಹೊರಗೆ ಬೀಳೋದು ಅಲ್ಲೇ. 1.20 ಲಕ್ಷ ಅಂದ್ರೆ ತಿಂಗಳಿಗೆ 10 ಸಾವಿರ. ಬೆಂಗಳೂರಲ್ಲಿ 10,500 ದುಡಿಯೋ ಹೆಂಗಸಿನ ಮಗು ಬಡ ಮಗು ಅಲ್ಲ ಅಂತ ನೀವು ಹೇಳ್ತೀರಾ?

ಮತ್ತೆ ಆರ್‌ಟಿಇಗೆ ಆದಾಯ ಮಿತಿ 3.5 ಲಕ್ಷ, ಪಡಿತರಕ್ಕೆ 1.20 ಲಕ್ಷ, ಒಂದೇ ಮನೆ ಒಂದು ಕಡೆ ದುರ್ಬಲ ವರ್ಗ, ಇನ್ನೊಂದು ಕಡೆ ಅಲ್ಲ. ಮೂರು ವರ್ಷದ ಮಗುವಿನ ಅನ್ನದ ತಟ್ಟೆನ ಇಂಥ ಲೆಕ್ಕಕ್ಕೆ ಕಟ್ಟಬಾರ್ದು ಅಂತಾನೇ ಕೋರ್ಟು ಬಿಪಿಎಲ್ ಬೇಡ ಅಂದಿದ್ದು ಅಂತ ನಾನು ಅರ್ಥ ಮಾಡ್ಕೊಂಡಿದ್ದೀನಿ.

ಧಾರವಾಡದಾಂವ
ಹ್ಮ್. ತಿಂಗಳ ಲೆಕ್ಕಾ ಹಾಕಿ ನೋಡಿರಲಿಲ್ಲ ನಾ. ಆದ್ರೂ ಕಾರಿನ್ಯಾಗ ಬಂದು ಬಿಡಾವ್ರಿಗೂ ಪುಕಟ ಅಂದ್ರ ಮನಸ್ಸು ಒಪ್ಪಂಗಿಲ್ಲ ನೋಡ್ರಿ.

ಕರಾವಳಿ ಹುಡುಗಿ
ಕಾರಲ್ಲಿ ಬರುವವ್ರು ಎಷ್ಟು ಜನ ಸಿಗ್ತಾರೆ ಹೇಳಿ? ಅವ್ರು ಹೇಗೂ ಪ್ರೈವೇಟಿಗೆ ಹೋಗ್ತಾರೆ. ಆ ಒಬ್ಬನನ್ನ ತಡಿಲಿಕ್ಕೆ ಹತ್ತು ಮಕ್ಕಳನ್ನ ಬಾಗಿಲಲ್ಲಿ ನಿಲ್ಸುದಾ?

ಕಲಬುರಗಿ ಅಕ್ಕ
ನಾನೂ ಅಂಗನವಾಡಿ ಕಾರ್ಯಕರ್ತೆನೇ ಅದೀನ್ರಿ, ಇನ್ನೂ ಸರ್ವೀಸದಾಗ ಅದೀನಿ, ಊರ ಹೆಸರ ಬ್ಯಾಡ. ಎಬಿಸಿಡಿ ಮಾತು ಬಂತಲ್ಲ ಅದಕ್ಕ ಬರೀಲತ್ತೀನಿ. 2024ರಾಗ ನಮ್ಮ ಕಲ್ಯಾಣ ಕರ್ನಾಟಕದಾಗ ಸರ್ಕಾರಿ ಸಾಲ್ಯಾಗೇ ಎಲ್‌ಕೆಜಿ ಯುಕೆಜಿ ಚಾಲೂ ಮಾಡ್ತೀವಿ ಅಂದ್ರು. ಜನಾ ಖುಷಿ ಆದ್ರು, ನಮಗ ಎದಿ ಧಸಕ್ ಅಂತು. ನಾಕು ವರ್ಷದ ಕೂಸುಗೋಳು ಸಾಲಿಗಿ ಹೋದ್ರ ಅಂಗನವಾಡ್ಯಾಗ ಯಾರು ಉಳೀತಾರ? ಜೂನ್ ತಿಂಗಳದಾಗ ಬೆಂಗಳೂರಿಗಿ ಬಂದು ಫ್ರೀಡಂ ಪಾರ್ಕಿನ್ಯಾಗ ಕುಂತೀವಿ. ನಮ್ಮ ಬೇಡಿಕಿ ಒಂದೇ ಇತ್ತು, ಎಲ್‌ಕೆಜಿ ಮಾಡೂದಿದ್ರ ಅಂಗನವಾಡ್ಯಾಗೇ ಮಾಡ್ರಿ, ನಮಗ ಟ್ರೇನಿಂಗ್ ಕೊಡ್ರಿ, ನಮ್ಮಲ್ಲಿ ಡಿಗ್ರಿ ಓದಿದವ್ರು ಬಾಳ ಮಂದಿ ಅದಾರ. ಆಮ್ಯಾಲ ಜುಲೈದಾಗ ಬೆಂಗಳೂರಿನ್ಯಾಗ 250 ಅಂಗನವಾಡಿ ಸರ್ಕಾರಿ ಮಾಂಟೆಸ್ಸರಿ ಅಂತ ಚಾಲೂ ಆದವು.

ತಾಯಂದಿರಿಗೆ ನಾ ಹೇಳೂದು ಏನಂದ್ರ, ಸರ್ಕಾರಿ ಎಲ್‌ಕೆಜಿಗಿ 4 ವರ್ಷ ಆಗಬೇಕು. ಅದಕ್ಕಿಂತ ಸಣ್ಣ ಕೂಸಿಗಿ ನಮ್ಮ ಬಿಟ್ರ ಬ್ಯಾರೆ ಸರ್ಕಾರಿ ಜಾಗಾ ಎಲ್ಲದ? ಒಂದನೇ ಕ್ಲಾಸಿಗಿ 6 ವರ್ಷ ಅಂತ ಮಾಡ್ಯಾರ, 2025ರಾಗ ಒಂದು ವರ್ಷದ ಮಟ್ಟಿಗಿ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ರು, ಅದೂ ಎಲ್‌ಕೆಜಿ ಯುಕೆಜಿ ಮುಗಿಸಿದ ಮಕ್ಕಳಿಗಿ. ಅಂದ್ರ 3ರಿಂದ 6, ಮೂರು ವರ್ಷ ಪೂರಾ ಕೂಸು ಎಲ್ಲಿರಬೇಕು ಅನ್ನೂದೇ ದೊಡ್ಡ ಪ್ರಶ್ನಿ. ಕಾನೂನು ಓದೋ ಅಣ್ಣಾರ, ಇದು ಹಕ್ಕು ಹೌದೋ ಅಲ್ಲೋ ಹೇಳ್ರಿ.

ಕಾನೂನು ಓದುಗ
ಊಟ ಹಕ್ಕು ಅಕ್ಕ, ಪಾಠ ಇನ್ನೂ ಪೂರ್ತಿ ಹಕ್ಕಾಗಿಲ್ಲ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಆರು ವರ್ಷದ ಒಳಗಿನೋರು 45ನೇ ವಿಧೀಲಿದ್ದಾರೆ, ಅಲ್ಲಿ ಸರ್ಕಾರ ಪ್ರಯತ್ನ ಮಾಡ್ಬೇಕು ಅಂತಿದೆ. ಆರ್‌ಟಿಇ 11ನೇ ಸೆಕ್ಷನ್ನೂ ಸರ್ಕಾರ ವ್ಯವಸ್ಥೆ ಮಾಡ್ಬೋದು ಅಂತ ಹೇಳುತ್ತೆ, ಮಾಡ್ಲೇಬೇಕು ಅಂತ ಹೇಳಲ್ಲ.

ಸೈಟ್ ಮೇಸ್ತ್ರಿ
ಸಾರ್ ನಮ್ದೂ ಒಂದು ಕೇಳ್ಬೋದಾ. ವೈಟ್‌ಫೀಲ್ಡ್ ಆಚೆ ಬಿಲ್ಡಿಂಗ್ ಕೆಲ್ಸ, ಶೆಡ್ಡಲ್ಲಿ ಇರೋದು, ರಾಯಚೂರು ಯಾದಗಿರಿ ಕಡೆಯೋರೇ ಜಾಸ್ತಿ. ಸಣ್ಣ ಮಕ್ಳು ಐವತ್ತರ ಹತ್ರ ಇದಾವೆ, ದಿನಾ ಮರಳು ಗುಡ್ಡೆ ಮೇಲೇ ಆಟ, ಹೋದ ತಿಂಗ್ಳು ಒಂದು ಮಗು ಕಾಲಿಗೆ ಕಬ್ಬಿಣ ಚುಚ್ಚಿ ಆಸ್ಪತ್ರೆಗೆ ಓಡಿದ್ವಿ. ಅಂಗನವಾಡಿ ಇರೋದು ಮೇನ್ ರೋಡ್ ದಾಟಿ ಎರಡು ಕಿಲೋಮೀಟ್ರು, ಲಾರಿ ಓಡಾಡೋ ರಸ್ತೆ, ಯಾರು ಕರ್ಕೊಂಡು ಹೋಗ್ತಾರೆ. ನಮ್ಗೆ ಅಂತ ಏನಾದ್ರೂ ಇದ್ಯಾ? ಊರ ಕಡೆ ಕೂಸಿನ ಮನೆ ಅಂತ ಮಾಡಿದ್ರು.

ನಿವೃತ್ತ ಟೀಚರಮ್ಮ
ಕೂಸಿನ ಮನೆ ಗ್ರಾಮ ಪಂಚಾಯ್ತಿದು, ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಚಿಕ್ಕ ಮಕ್ಕಳಿಗೆ ಅಂತ ಶುರುವಾಗಿದ್ದು. ನಿಮ್ಮ ಶೆಡ್ ಸಿಟಿ ಲಿಮಿಟ್ಟಲ್ಲಿದ್ರೆ ಅದು ಬರಲ್ಲ ಅಪ್ಪ.

ಆದ್ರೆ ಹೊಸ ಅಂಗನವಾಡಿ ಕೇಳೋಕೆ ನಿಮ್ಗೆ ದಾರಿ ಇದೆ. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಒಂದು ವಸತೀಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲ ಅಂದ್ರೆ ಜನ ಕೇಳ್ಬೋದು, ಕೇಳಿದ ಮೂರು ತಿಂಗಳೊಳಗೆ ಕೊಡ್ಬೇಕು. ಸ್ಲಂ, ಕೊಳಗೇರಿ ಜನರೂ ಅದ್ರಲ್ಲಿ ಸೇರಿದ್ದಾರೆ. ಒಂದು ಬಿಳಿ ಹಾಳೇಲಿ ಮಗು ಹೆಸ್ರು, ವಯಸ್ಸು, ತಾಯಿ ಹೆಸ್ರು, ತಾಯಿ ಸಹಿ ಇಲ್ಲ ಹೆಬ್ಬೆಟ್ಟು, ಹೀಗೆ ಸಾಲಾಗಿ ಬರೀರಿ. ಬಸುರಿ ಹೆಂಗಸರಿದ್ರೆ ಅವ್ರ ಹೆಸ್ರೂ ಕೆಳಗೆ ಸೇರ್ಸಿ. ಸಿಡಿಪಿಒ ಆಫೀಸಲ್ಲಿ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು ದಿನಾಂಕ ಹಾಕಿಸ್ಕೊಳ್ಳಿ. ಸೀಲು ಹಾಕಿಸ್ದೆ ಮಾತ್ರ ವಾಪಸ್ ಬರ್ಬೇಡಿ.

ಸೈಟ್ ಮೇಸ್ತ್ರಿ
ಆಯ್ತಮ್ಮ. ಭಾನುವಾರ ಎಲ್ರೂ ಇರ್ತಾರೆ, ಅವತ್ತೇ ಬರುಸ್ತೀನಿ. ನಮ್ಮಲ್ಲಿ ಪಿಯುಸಿ ಓದಿರೋ ಹುಡ್ಗಿ ಒಬ್ಳಿದಾಳೆ, ಅಕ್ಷರ ಚೆನ್ನಾಗಿದೆ.

ಮದ್ದೂರಿನವ
ಅಂಗನವಾಡಿ ಯೋಜನೆ ರಾಜ್ಯದಲ್ಲಿ ಮೊದ್ಲು ಶುರುವಾಗಿದ್ದು ನಮ್ಮ ಕಡೇಲೇ, ಟಿ. ನರಸೀಪುರದಲ್ಲಿ, 1975ರ ಗಾಂಧಿ ಜಯಂತಿ ದಿನ, 100 ಅಂಗನವಾಡಿಯಿಂದ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಮೇಲಿದೆ. ನನ್ನ ತಂಗಿ ಟಿ. ನರಸೀಪುರದ ಹತ್ರಾನೇ ಅಂಗನವಾಡೀಲಿ ಸಹಾಯಕಿ, ಅದಕ್ಕೇ ಕಾರ್ಡ್ ಬೇಡ ಅಂತ ಮೊದ್ಲೇ ಹೇಳಿದ್ದು.

ಚಿನ್ನು ಅಮ್ಮ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ಬಿಟ್ಟು ಬರೀತಿದೀನಿ, ಓಟಿ ಇತ್ತು. ಟೀಚರಮ್ಮ ಹೇಳಿದ ಹಾಗೇ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಮಕ್ಕಳು ಚಾಪೆ ಮೇಲೆ ಮಲಗಿದ್ವು, ಟೀಚರ್ ಒಬ್ರೇ ಪಾತ್ರೆ ಉಜ್ತಾ ಇದ್ರು. ಸಹಾಯಕಿ ಕೆಲಸ ಖಾಲಿ ಇದ್ಯಂತೆ, ಐದು ತಿಂಗಳಿಂದ. ಅಡುಗೆ, ಕ್ಲೀನಿಂಗು, ಆ್ಯಪು, ಪಾಠ ಎಲ್ಲ ಅವ್ರೇ. 31 ಮಕ್ಕಳು. ನನಗೆ ಜಗಳ ಆಡೋಕೆ ಮನಸ್ಸೇ ಬರ್ಲಿಲ್ಲ. ಮೇಡಂ ಬಿಪಿಎಲ್ ಬೇಡ ಅಂತ ತಿಳ್ಕೊಂಡು ಬಂದಿದೀನಿ ಅಂದೆ. ಅವ್ರೂ ಬೇಡ ಅಂತ ಒಪ್ಕೊಂಡ್ರು, ಅವತ್ತು ಕೈ ತುಂಬಾ ಕೆಲ್ಸ ಇತ್ತಮ್ಮ ಅಂದ್ರು.

ಆಧಾರ್ ಹಾಕಿ ನೋಡಿದ್ರೆ ಟೀಚರಮ್ಮ ಹೇಳಿದ್ದೇ ಆಗಿತ್ತು, ನನ್ನ ಹೆಸ್ರು ಚಿನ್ನು ಹೆಸ್ರು ಎರಡೂ ಊರಿನ ಅಂಗನವಾಡೀಲಿ. ಅತ್ತೆಗೆ ಫೋನ್ ಮಾಡ್ದೆ, ಅತ್ತೆ ಕುಂಟ್ಕೊಂಡು ಹೋಗಿ ಅಲ್ಲಿನ ಟೀಚರ್ ಕೈಗೆ ಫೋನ್ ಕೊಟ್ರು, ಇವ್ರಿಬ್ರೂ ಮಾತಾಡ್ಕೊಂಡ್ರು, ಶನಿವಾರ ಹೆಸ್ರು ಇಲ್ಲಿಗೆ ಬಂತು. ನಾಲ್ಕು ದಿನದಿಂದ ಹೋಗ್ತಿದಾಳೆ. ಮೊದಲ್ನೇ ದಿನ ಅತ್ತಿದ್ದು, ಈಗ ಚಪ್ಪಲಿ ತಾನೇ ಹಾಕ್ಕೋತಾಳೆ.

ಇನ್ನೊಂದು ಸಮಸ್ಯೆ ಉಳ್ದಿದೆ. ಅಂಗನವಾಡಿ ನಾಲ್ಕು ಗಂಟೆಗೆ ಬಿಡುತ್ತೆ, ನನ್ನ ಶಿಫ್ಟ್ ಮುಗಿಯೋದು ಐದೂವರೆಗೆ. ಕೆಳಗಿನ ಮನೇಲಿ ಹೂ ಕಟ್ಟೋ ಅಜ್ಜಿ ಸದ್ಯಕ್ಕೆ ನೋಡ್ಕೋತಿದ್ದಾರೆ, ದಿನಾ ಅವ್ರಿಗೆ ತೊಂದ್ರೆ ಕೊಡೋಕೆ ನಂಗೆ ಸಂಕೋಚ. ಫ್ಯಾಕ್ಟರಿ ಕ್ರೆಷಲ್ಲಿ ಕೇಳಿದ್ರೆ ಮೂರು ವರ್ಷ ದಾಟಿದ ಮಕ್ಕಳನ್ನ ಇಟ್ಕೊಳಲ್ಲ ಅಂದ್ರು.

ಕಾನೂನು ಓದುಗ
ಅದು ಸರಿಯಲ್ಲ ಮೇಡಂ. 1948ರ ಫ್ಯಾಕ್ಟರಿ ಕಾಯ್ದೆ 48ನೇ ಸೆಕ್ಷನ್ನಿನಿಂದ್ಲೂ ಆರು ವರ್ಷದೊಳಗಿನ ಮಕ್ಕಳು ಅಂತಾನೇ ಇರೋದು, ಮೂರು ಅಂತ ಎಲ್ಲೂ ಇಲ್ಲ. ಒಬ್ರೇ ಕೇಳ್ಬೇಡಿ. ನಿಮ್ಮ ಲೈನಲ್ಲಿ ಇಂಥ ಮಕ್ಕಳಿರೋ ಎಂಟತ್ತು ಜನ ಸೇರಿ ಬರವಣಿಗೇಲಿ ಕೊಡಿ, ಯೂನಿಯನ್ ಇದ್ರೆ ಅವ್ರ ಮೂಲಕ.

ಕರಾವಳಿ ಹುಡುಗಿ
ಮತ್ತೆ ಸಹಾಯಕಿ ಖಾಲಿ ಇರುವ ವಿಷಯ ನೀವು ತಾಯಂದಿರೇ ಸೇರಿ ಬಾಲವಿಕಾಸ ಸಮಿತಿಯಿಂದ ಸಿಡಿಪಿಒಗೆ ಬರೆಯಿರಿ. ಟೀಚರ್ ಬರೆದ್ರೆ ಅವ್ರಿಗೇ ತೊಂದರೆ, ತಾಯಂದಿರು ಬರೆದ್ರೆ ಬೇರೆ.

ಚಿನ್ನು ಅಮ್ಮ
ಸರಿ ಅಕ್ಕ, ಸಮಿತಿ ಮೀಟಿಂಗ್ ಯಾವಾಗ ಅಂತ ಕೇಳ್ತೀನಿ. ಫ್ಯಾಕ್ಟರೀಲಿ ನನ್ನ ಹಾಗೇ ಇರೋರು ಆರು ಜನ ಸಿಕ್ಕಿದಾರೆ.

ಟೀಚರಮ್ಮ, ಒಂದು ವಿಷಯ ನಿಮ್ಮನ್ನ ಕೇಳ್ಬೇಕು. ಸೇರ್ಸಿದ ದಿನ ತೂಕ ಹಾಕಿದ್ರು, 11 ಕೆಜಿ. ಚಾರ್ಟಲ್ಲಿ ಪೆನ್ನಲ್ಲಿ ಚುಕ್ಕೆ ಇಟ್ರು, ಅದು ಹಳದಿ ಪಟ್ಟಿ ಒಳಗೆ ಬಿತ್ತು. ಅವ್ಳು ಸಣ್ಣ ಇದಾಳೆ ಅಂತ ಗೊತ್ತಿತ್ತು, ನನ್ನ ಹಾಗೇ ಅನ್ಕೊಂಡಿದ್ದೆ. ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ.

ನಿವೃತ್ತ ಟೀಚರಮ್ಮ
ಅಳಬೇಡಮ್ಮ. ಹಳದಿ ಅಂದ್ರೆ ವಯಸ್ಸಿಗೆ ತೂಕ ಕಮ್ಮಿ ಅಂತ, ಈಗ ಹಿಡಿದ್ರೆ ಮೇಲೆ ಬರುತ್ತೆ. ಒಂದ್ಸಲ ಪಿಎಚ್‌ಸಿಗೆ ಕರ್ಕೊಂಡು ಹೋಗು, ಜಂತುಹುಳು, ರಕ್ತ ನೋಡ್ಲಿ. ಮನೇಲಿ ರಾತ್ರಿ ಅನ್ನಕ್ಕೆ ಒಂದು ಚಮಚ ಎಣ್ಣೆನೋ ತುಪ್ಪನೋ ಕಲಸು, ಬೇಳೆ ಗಟ್ಟಿ ಇರ್ಲಿ, ಬರೀ ತಿಳಿ ಹಾಕ್ಬೇಡ. ಬೆಳಗ್ಗೆ ಚಹಾ ಕೊಡ್ತಿದ್ರೆ ಇವತ್ತೇ ನಿಲ್ಸು. ಅಂಗನವಾಡೀಲಿ ಒಂದು ದಿನಾನೂ ತಪ್ಪಿಸ್ಬೇಡ, ಮೊಟ್ಟೆ ದಿನವಂತೂ ತಪ್ಪಿಸ್ಲೇಬೇಡ. ಇನ್ನೊಂದು ತಿಂಗಳಿಗೆ ಅದೇ ತಕ್ಕಡೀಲಿ ತೂಕ ಹಾಕ್ಸು. 200 ಗ್ರಾಂ ಏರಿದ್ರೂ ದಾರಿ ಸರಿ ಇದೆ ಅಂತ ಅರ್ಥ.

ಚಿನ್ನು ಅಮ್ಮ
ಚಹಾ ಕೊಡ್ತಿದ್ದೆ ಟೀಚರಮ್ಮ. ನಿಲ್ಲಿಸ್ತೀನಿ. ಮುಂದಿನ ತಿಂಗಳು 5ನೇ ತಾರೀಕು ತೂಕ ಅಂದಿದಾರೆ, ಹಾಕ್ಸಿ ಬಂದು ಇಲ್ಲೇ ಬರೀತೀನಿ.